ಬಾಗಿಲ ಪಕ್ಕದ ಸ್ಟೂಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೇಕರಿಯವರೆಲ್ಲ ಹೇಳುತ್ತಾರೆ. ಹೇಳಲಿ. ಕೇಕು ಬೇಯುವಾಗ ಓವನ್ ಬಾಗಿಲು ತೆಗೆದು ಇಣುಕುವವರನ್ನು ಮುದ್ದು ಮಾಡಲಾಗುತ್ತದೆಯೇ? ಆದರೆ ಆ ಸೋಮವಾರದ ಕೋಪಕ್ಕೂ ಕೇಕಿಗೂ ಸಂಬಂಧವಿರಲಿಲ್ಲ. ಅದು ಅಕ್ಕನ ಮಗಳ ಶಾಲೆಯ ಮೇಲಿನ ಕೋಪ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಆ ಶಾಲೆಯ ಒಂದು ಸ್ಟೂಲಿನ ಮೇಲಿನ ಕೋಪ.

ಆ ಸ್ಟೂಲು ಪ್ರಯೋಗಾಲಯದ ಬಾಗಿಲ ಪಕ್ಕದಲ್ಲಿದೆ. ಉಳಿದ ಮಕ್ಕಳು ಮೇಜಿನ ಸುತ್ತ ನಿಂತು ಗಾಜಿನ ಕೊಳವೆಗಳಲ್ಲಿ ಏನೇನೋ ಬೆರೆಸುವಾಗ ನಮ್ಮ ಹುಡುಗಿಯನ್ನು ಅದರ ಮೇಲೆ ಕೂರಿಸುತ್ತಾರೆ. ಅವಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಹಾಗಾಗಿ ಪ್ರಯೋಗದಿಂದ ವಿನಾಯಿತಿ. ಬರೆಯುವ ಪರೀಕ್ಷೆಯಲ್ಲಿ ಬಂದ ಅಂಕ ನೋಡಿಕೊಂಡು ಪ್ರಯೋಗಕ್ಕೂ ಒಂದಷ್ಟು ಅಂಕ ಹಾಕಿಬಿಡುತ್ತಾರೆ. ಬೇರೆ ಮಕ್ಕಳಾಗಿದ್ದರೆ ಕುಣಿದಾಡುತ್ತಿದ್ದರು. ಇವಳು ಮಾತ್ರ ಬೇಡ ಎಂದಳು.

ಇವಳನ್ನು ನಾನು ವಕೀಲಮ್ಮ ಎಂದು ಕರೆಯುವುದು ಸುಮ್ಮನೆ ಅಲ್ಲ. ನಡೆಯುವುದಕ್ಕೆ ಮೊದಲೇ ವಾದ ಮಾಡಲು ಕಲಿತವಳು. ಆದರೆ ವಕೀಲಮ್ಮನಿಗೆ ಕಾನೂನು ಬೇಕಿರಲಿಲ್ಲ, ರಸಾಯನಶಾಸ್ತ್ರ ಬೇಕಿತ್ತು. ಪ್ರಯೋಗದಿಂದ ವಿನಾಯಿತಿ ಪಡೆದವರಿಗೆ ಮುಂದಿನ ಓದಿನಲ್ಲಿ ವಿಜ್ಞಾನದ ವಿಭಾಗಕ್ಕೆ ಪ್ರವೇಶವಿಲ್ಲ ಎಂಬುದು ಅವಳಿಗೆ ಗೊತ್ತಾಗಿದ್ದು ಆ ವಾರವೇ. ಗೊತ್ತಾದ ಕೂಡಲೇ ನೆಟ್ಟಗೆ ವಿಜ್ಞಾನದ ಮೇಷ್ಟ್ರ ಮುಂದೆ ಹೋಗಿ ನಿಂತಿದ್ದಾಳೆ.

"ಏನಂದ್ರು?" ಎಂದು ಕೇಳಿದೆ.

ಅವಳು ಗಂಟಲು ಸರಿಮಾಡಿಕೊಂಡು ಮೇಷ್ಟ್ರ ಧ್ವನಿಯಲ್ಲೇ ಒಪ್ಪಿಸಿದಳು. "'ಶನಿವಾರ ಪುನರಾವರ್ತನೆ ತರಗತಿ ಇದೆ, ಬಾ. ದ್ರಾವಣಗಳನ್ನ ಇಡ್ತೀನಿ. ಯಾವುದು ಆಮ್ಲ, ಯಾವುದು ಪ್ರತ್ಯಾಮ್ಲ ಅಂತ ನೀನೇ ಹೇಳ್ಬೇಕು. ಬೆರಳು ಅದ್ದೋ ಹಾಗಿಲ್ಲ, ನಾಲಿಗೆಗೆ ಹಚ್ಚೋ ಹಾಗಿಲ್ಲ, ಯಾರನ್ನೂ ಕೇಳೋ ಹಾಗಿಲ್ಲ. ಹೇಳಿದ್ರೆ ಪ್ರಯೋಗದ ಪಟ್ಟಿಗೆ ನಿನ್ನ ಹೆಸರು. ಇಲ್ಲಾಂದ್ರೆ ವಿನಾಯಿತಿ, ಮತ್ತೆ ಚರ್ಚೆ ಇಲ್ಲ.'"

"ಪುಕ್ಕಟೆ ಸಿಗೋದನ್ನ ಒದ್ದು ಬರ್ತೀಯಲ್ಲ, ತಲೆ ಸರಿಯಿದೆಯಾ ನಿನಗೆ?"

"ನೀನು ಮಾಡದೇ ಇರೋ ಕೇಕಿಗೆ ಯಾರಾದ್ರೂ ನಿನ್ನ ಹೊಗಳಿದ್ರೆ ಹೇಗಿರುತ್ತೆ ಚಿಕ್ಕಮ್ಮ?"

"ಹೊಗಳಿಸ್ಕೊಂಡು ಸುಮ್ಮನಿರ್ತೀನಿ."

ಸುಳ್ಳು. ಮೈಯೆಲ್ಲ ಉರಿಯುತ್ತದೆ. ಅದು ಅವಳಿಗೂ ಗೊತ್ತು.

ಮೇಷ್ಟ್ರು ಕೆಟ್ಟವರಲ್ಲ ಎಂಬುದೇ ನನ್ನನ್ನು ಇನ್ನಷ್ಟು ಕೆರಳಿಸುವ ವಿಷಯ. ಕೆಟ್ಟವರಾಗಿದ್ದರೆ ಹೋಗಿ ಜಗಳವಾಡಿ ಬರಬಹುದಿತ್ತು. ಆಸಿಡ್ ಚೆಲ್ಲಿ ಇವಳ ಕೈ ಸುಟ್ಟರೆ ಏನು ಗತಿ ಎಂಬ ಭಯ ಅವರದು. ಅಂಥವರ ಜೊತೆ ಯಾವ ಬಾಯಲ್ಲಿ ಜಗಳವಾಡುವುದು?

ಹೀಗೆ ನನಗೆ ಈ ವಯಸ್ಸಿನಲ್ಲಿ ರಸಾಯನಶಾಸ್ತ್ರ ಗಂಟುಬಿತ್ತು. ಅಕ್ಕ ಆಸ್ಪತ್ರೆಯಲ್ಲಿ ನರ್ಸು, ಆ ವಾರವಿಡೀ ಅವಳಿಗೆ ಸಂಜೆಯ ಪಾಳಿ. ಬ್ರೈಲ್ ಪುಸ್ತಕ ಅರ್ಧ ಮಾತ್ರ ಬಂದಿತ್ತು, ಉಳಿದ ಪಾಠಗಳನ್ನು ಯಾರಾದರೂ ಓದಿ ಹೇಳಬೇಕು. ನಾನು ಬೇಕರಿಯಿಂದ ಬಂದು, ಕಾಲು ತೊಳೆದು, ಅಡುಗೆಮನೆಯ ಮೇಜಿನ ಮುಂದೆ ಕೂತು ಗಟ್ಟಿಯಾಗಿ ಓದುವುದು. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳುವುದು. ನಾನು ಆಕಳಿಸಿದರೆ ಮೇಜಿನ ಕೆಳಗಿಂದ ಒಂದು ಒದೆ.

ಮೊದಲ ಸಂಜೆ ಆಕಳಿಕೆಯಲ್ಲೇ ಕಳೆಯಿತು. ಎರಡನೆಯ ಸಂಜೆ ಒಂದು ಪುಟದಲ್ಲಿ ನನ್ನ ನಾಲಿಗೆ ತಾನಾಗಿ ನಿಂತಿತು. ಸೋಡಿಯಂ ಎಂಬ ಲೋಹವಿದೆಯಂತೆ, ನೀರಿಗೆ ಬಿದ್ದರೆ ಹತ್ತಿ ಉರಿಯುತ್ತದಂತೆ. ಕ್ಲೋರಿನ್ ಎಂಬ ಅನಿಲವಿದೆಯಂತೆ, ಉಸಿರಾಡಿದರೆ ವಿಷ. ಇವೆರಡೂ ಕೂಡಿದರೆ ಅಡುಗೆ ಉಪ್ಪು.

ನಾನು ತಲೆಯೆತ್ತಿ ಗೂಡಿನಲ್ಲಿದ್ದ ಉಪ್ಪಿನ ಡಬ್ಬಿಯನ್ನು ನೋಡಿದೆ. "ಅಲ್ಲ ಕಣೇ, ಇಷ್ಟು ವರ್ಷ ನಾನು ಹಿಟ್ಟಿಗೆ ಹಾಕ್ತಿದ್ದಿದ್ದು ಇದನ್ನಾ?"

"ಹೆದರ್ಬೇಡ. ಕೂಡಿದ ಮೇಲೆ ಅವು ಅವಲ್ಲ."

"ಹಾಗಂದ್ರೆ ಏನಾದವು? ಸತ್ತುಹೋದ್ವಾ?"

"ಇಲ್ಲ. ಅದರೊಳಗೇ ಇವೆ. ಬೇರೆ ಥರ ಇವೆ ಅಷ್ಟೇ."

ಅದರೊಳಗೇ ಇವೆ! ನಾನು ಎದ್ದು ಹೋಗಿ ಎರಡು ಹರಳು ಉಪ್ಪು ನಾಲಿಗೆಯ ಮೇಲೆ ಇಟ್ಟುಕೊಂಡು ಬಂದೆ. ಅದೇ ಉಪ್ಪು, ಅದೇ ರುಚಿ. ಆದರೂ ಮೈ ಜುಮ್ಮೆಂದಿತು. ಅದರ ಮುಂದಿನ ಪುಟದಲ್ಲಿ ನೀರಿನ ಕಥೆಯಿತ್ತು. ತಾನೇ ಉರಿಯುವ ಒಂದು ಅನಿಲ, ಉರಿಯಲು ನೆರವಾಗುವ ಇನ್ನೊಂದು ಅನಿಲ, ಎರಡೂ ಸೇರಿ ಆಗಿದ್ದು ಬೆಂಕಿ ಆರಿಸುವ ನೀರು. ಇದನ್ನು ಯಾರಾದರೂ ಬೇಕರಿಯಲ್ಲಿ ಹೇಳಿದ್ದರೆ ರೈಲು ಬಿಡಬೇಡ ಎಂದು ಗದರಿಸಿ ಕಳಿಸುತ್ತಿದ್ದೆ. ಮಾರನೆಯ ದಿನ ಕೇಕು ಕೊಯ್ದಾಗ ಅದರ ಮೈತುಂಬ ಇದ್ದ ತೂತುಗಳನ್ನು ನೋಡುತ್ತ ನಿಂತುಬಿಟ್ಟೆ. ಒಂದೊಂದು ತೂತಿನಲ್ಲೂ ಒಂದು ಅನಿಲ ಹುಟ್ಟಿ, ದಾರಿ ಮಾಡಿಕೊಂಡು ಹೊರಗೆ ಹೋಗಿದೆ. ನನ್ನ ಕಣ್ಣೆದುರಿಗೇ, ದಿನಾ. ಗಿರಾಕಿ ಎರಡು ಸಲ ಕೂಗಿದ ಮೇಲೆ ನನಗೆ ಎಚ್ಚರವಾಯಿತು.

ಆದರೆ ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠಕ್ಕೆ ಬಂದಾಗ ನಮ್ಮಿಬ್ಬರ ಉತ್ಸಾಹವೂ ಇಳಿಯಿತು. ಶನಿವಾರಕ್ಕೆ ಬೇಕಾಗಿದ್ದು ಅದೇ ಪಾಠ, ಅದರ ತುಂಬ ಇದ್ದಿದ್ದು ಬರೀ ಬಣ್ಣ. ಆಮ್ಲ ನೀಲಿ ಲಿಟ್ಮಸನ್ನು ಕೆಂಪು ಮಾಡುತ್ತದೆ, ಪ್ರತ್ಯಾಮ್ಲ ಕೆಂಪು ಲಿಟ್ಮಸನ್ನು ನೀಲಿ ಮಾಡುತ್ತದೆ. ಅದು ಗುಲಾಬಿಯಾಗುತ್ತದೆ, ಇದು ಹಳದಿಯಾಗುತ್ತದೆ. ಓದುತ್ತಾ ಓದುತ್ತಾ ನನ್ನ ಧ್ವನಿ ಸಣ್ಣದಾಯಿತು.

"ಯಾಕೆ ಪಿಸುಗುಡ್ತೀಯ?" ಎಂದಳು. "ಓದು. ಬಣ್ಣ ಬಾಯಿಪಾಠ ಮಾಡೋಕೆ ನನಗೇನು ಕಷ್ಟ? ಬರೆಯೋ ಪರೀಕ್ಷೆಗೆ ಸಾಕು."

ಬರೆಯುವ ಪರೀಕ್ಷೆಗೆ ಸಾಕು, ಶನಿವಾರಕ್ಕೆ ಸಾಲದು. ಅದನ್ನು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಪುಟದ ಕೊನೆಯಲ್ಲಿ ಒಂದು ಅಂಕದ ಪ್ರಶ್ನೆಗಳಿಗೆಂದೇ ಬರೆದಂತಿದ್ದ ಎರಡು ಸಾಲಿತ್ತು: ಆಮ್ಲದಲ್ಲಿ ಅಥವಾ ಪ್ರತ್ಯಾಮ್ಲದಲ್ಲಿ ವಾಸನೆ ಬದಲಾಗುವ ವಸ್ತುಗಳಿಗೆ ಘ್ರಾಣ ಸೂಚಕಗಳು ಎನ್ನುತ್ತಾರೆ. ಉದಾಹರಣೆ: ಈರುಳ್ಳಿ, ವೆನಿಲ್ಲಾ, ಲವಂಗದ ಎಣ್ಣೆ. ನಾನು ಗಿಣಿಯಂತೆ ಓದಿದೆ, ಅವಳು ಗಿಣಿಯಂತೆ ಒಪ್ಪಿಸಿದಳು, ಪುಸ್ತಕ ಮುಚ್ಚಿದೆವು. ಇಡೀ ದಿನ ವೆನಿಲ್ಲಾದಲ್ಲೇ ಮುಳುಗೇಳುವ ನಾನು, ಮೂಗಿನಲ್ಲೇ ಲೋಕ ಕಟ್ಟಿಕೊಂಡ ಅವಳು, ಇಬ್ಬರಿಗೂ ಏನೂ ಹೊಳೆಯಲಿಲ್ಲ.

ಹೊಳೆದದ್ದು ಗುರುವಾರ, ಅದೂ ನನ್ನ ಹೊಟ್ಟೆ ಉರಿಸಿದ ಮೇಲೆ.

ನಮ್ಮಿಬ್ಬರ ನಡುವೆ ಒಂದು ಹಳೆಯ ಆಟವಿದೆ. ನಾನು ಚಪ್ಪಲಿ ಹೊರಗೇ ಬಿಟ್ಟು, ಸದ್ದಿಲ್ಲದೆ ಒಳಗೆ ಬಂದು ಅವಳ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಲ್ಲುವುದು. ಬಂದವರು ಯಾರು ಎಂದು ಅವಳು ಹೇಳುವುದು. ವಾಸನೆಯೇ ಗುರುತು: ಅಕ್ಕನಿಗೆ ಆಸ್ಪತ್ರೆಯ ಫಿನಾಯಿಲ್, ನನಗೆ ವೆನಿಲ್ಲಾ. ಅವಳು ಸಣ್ಣವಳಿದ್ದಾಗಿನಿಂದಲೂ ನಾನು ಒಂದು ಸಲವೂ ಗೆದ್ದಿಲ್ಲ. ಗೆಲ್ಲುವ ಆಸೆಯೂ ನನಗಿರಲಿಲ್ಲ. "ಚಿಕ್ಕಮ್ಮ!" ಎಂದು ಅವಳು ತಿರುಗುವ ಆ ಗಳಿಗೆಗಾಗಿಯೇ ನಾನು ಆಡುವುದು.

ಗುರುವಾರ ಬೇಕರಿಯಲ್ಲಿ ತಟ್ಟೆ ತೊಳೆಯುವ ದಿನ. ಓವನ್ನಿನ ಜಿಡ್ಡು ಹಿಡಿದ ತಟ್ಟೆಗಳನ್ನೆಲ್ಲ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿ ಉಜ್ಜಬೇಕು. ಆ ದಿನ ತೊಳೆಯುವವಳು ಬಂದಿರಲಿಲ್ಲ. ಬೆಳಿಗ್ಗೆಯೇ ವೆನಿಲ್ಲಾ ಬಾಟಲಿ ಕೈಜಾರಿ ಎರಡು ತೋಳೂ ನೆನೆದಿತ್ತು, ಆಮೇಲೆ ಅದೇ ತೋಳು ಮೊಣಕೈವರೆಗೆ ಸೋಡಾ ನೀರಿನಲ್ಲಿ. ಹಾಗೆಯೇ ಮನೆಗೆ ಬಂದೆ. ಸದ್ದಿಲ್ಲದೆ ಒಳಗೆ ಹೋಗಿ ಅವಳ ಪಕ್ಕದಲ್ಲಿ ನಿಂತೆ.

ಅವಳು ತಲೆಯೆತ್ತಿದಳು. ಮೂಗು ಅರಳಿಸಿದಳು. ಮುಖ ಬಿಗಿಯಾಯಿತು.

"ಯಾರು?"

ನಾನು ಸುಮ್ಮನಿದ್ದೆ. ಆಟವಾಡುತ್ತಿದ್ದಾಳೆ ಎಂದುಕೊಂಡೆ.

"ಯಾರದು? ಮಾತಾಡಿ!" ಈ ಸಲ ಧ್ವನಿಯಲ್ಲಿ ನಿಜವಾದ ಹೆದರಿಕೆಯಿತ್ತು.

"ನಾನೇ ಕಣೇ, ನಾನು!" ಎಂದೆ.  ಆಟದಲ್ಲಿ ಗೆದ್ದದ್ದಕ್ಕೆ ಯಾರಿಗಾದರೂ ಅಳು ಬರುತ್ತದೆಯೇ? ನನಗೆ ಬಂತು. ಈ ಮನೆಯಲ್ಲಿ ನಾನು ಇಲ್ಲವೇ ಇಲ್ಲ ಎಂದು ಯಾರೋ ಹೇಳಿದ ಹಾಗಾಯಿತು.

ಅವಳು ನನ್ನ ತೋಳು ಹಿಡಿದು ಮೂಗಿಗೆ ಒತ್ತಿಕೊಂಡಳು. "ಚಿಕ್ಕಮ್ಮ, ನಿನ್ನ ವೆನಿಲ್ಲಾ ಎಲ್ಲಿ?"

"ಬೆಳಿಗ್ಗೆ ಅರ್ಧ ಬಾಟಲಿ ಇದರ ಮೇಲೇ ಚೆಲ್ಲಿತ್ತಪ್ಪ. ಸೋಡಾ ನೀರಲ್ಲಿ ತಟ್ಟೆ ತೊಳೆದೆ, ಹೋಯ್ತೋ ಏನೋ."

 ಅವಳು ತೋಳನ್ನು ಬಿಡಲಿಲ್ಲ. ಆಮೇಲೆ ನಿಧಾನವಾಗಿ ಶುರು ಮಾಡಿದಳು. "ಆಮ್ಲದಲ್ಲಿ ಅಥವಾ ಪ್ರತ್ಯಾಮ್ಲದಲ್ಲಿ ವಾಸನೆ ಬದಲಾಗುವ ವಸ್ತುಗಳಿಗೆ..."

ಉಳಿದದ್ದನ್ನು ಇಬ್ಬರೂ ಒಟ್ಟಿಗೆ ಹೇಳಿದೆವು. ಉದಾಹರಣೆಗಳಲ್ಲಿ ಎರಡನೆಯದಕ್ಕೆ ಬಂದಾಗ ಅವಳು ಕುರ್ಚಿ ಬೀಳಿಸಿಕೊಂಡು ಎದ್ದಳು.

ಹಳೆಯ ಹತ್ತಿ ಸೀರೆಯನ್ನು ಪಟ್ಟಿಪಟ್ಟಿಯಾಗಿ ಹರಿದೆವು. ಮನೆಯಲ್ಲಿದ್ದ ವೆನಿಲ್ಲಾದಲ್ಲಿ ಅದ್ದಿದೆವು. ಒಂದು ಪಟ್ಟಿಯನ್ನು ಅವಳು ಮೂಸಿದಳು, ಘಮ್ಮೆನ್ನುತ್ತಿತ್ತು. ಅದರ ಮೇಲೆ ವಾಷಿಂಗ್ ಸೋಡಾ ಕರಗಿಸಿದ ನೀರು ಹನಿಸಿದೆ. ಅವಳು ಮತ್ತೆ ಮೂಸಿ ನನ್ನ ಕಡೆ ಚಾಚಿದಳು. ನಾನು ಮೂಸಿದೆ. ಒದ್ದೆ ಬಟ್ಟೆ, ಅಷ್ಟೇ. ಇನ್ನೂ ಜೋರಾಗಿ ಎಳೆದುಕೊಂಡೆ. ಒದ್ದೆ ಬಟ್ಟೆ.

"ಈಗ ವಿನೆಗರ್ ಹಾಕು," ಎಂದಳು.

ಹಾಕಿದೆ. ಅವಳು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಅಲ್ಲಾಡದೆ ನಿಂತಳು. ನೋಡನೋಡುತ್ತ ಅವಳ ಮುಖ ಅರಳಿತು. ನಾನು ಕಿತ್ತುಕೊಂಡು ಮೂಸಿದೆ. ವಿನೆಗರಿನ ಹುಳಿಘಾಟಿನ ಹಿಂದೆ, ಹೌದು, ಮೆಲ್ಲಗೆ, ಅದೇ ವೆನಿಲ್ಲಾ. ಹೊಸದಾಗಿ ಒಂದು ತೊಟ್ಟೂ ಹಾಕಿರಲಿಲ್ಲ.

"ಎಲ್ಲಿಗೆ ಹೋಗಿತ್ತೇ ಇದು?" ಎಂದೆ. 

"ಎಲ್ಲೂ ಹೋಗಿರಲಿಲ್ಲ ಅನ್ಸುತ್ತೆ. ಗಾಳಿಗೆ ಏರೋಕಾಗದೆ ಬಟ್ಟೆಯಲ್ಲೇ ಕೂತಿತ್ತು. ಸೋಡಾ ಕಟ್ಟಿಹಾಕ್ತು, ವಿನೆಗರ್ ಬಿಚ್ಚಿಬಿಡ್ತು. ನನ್ನ ಊಹೆ ಇದು." ಆಮೇಲೆ ನನ್ನ ತೋಳಿನ ಮೇಲೂ ಎರಡು ಹನಿ ವಿನೆಗರ್ ಹಾಕಿಸಿಕೊಂಡು, ಮೂಸಿ, "ಬಂದ್ಲು ನಮ್ಮ ಚಿಕ್ಕಮ್ಮ," ಎಂದಳು.

ನಾನು ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ಹೋದೆ.

ಶನಿವಾರ ಅವಳ ಜೊತೆ ನಾನೂ ಹೋದೆ. ಪ್ರಯೋಗಾಲಯದಲ್ಲಿ ಉದ್ದನೆಯ ಕಲ್ಲಿನ ಮೇಜುಗಳು, ಕಂದು ಬಾಟಲಿಗಳ ಸಾಲು, ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ. ಬಾಗಿಲ ಪಕ್ಕದಲ್ಲಿ ಆ ಸ್ಟೂಲು. ನಾನು ಅದನ್ನು ದುರುಗುಟ್ಟಿ ನೋಡಿ ಅದರ ಮುಂದೆಯೇ ನಿಂತೆ. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿಕೊಂಡ ಸಣಕಲು ಮನುಷ್ಯ. "ನೀವು ನಿಂತ್ಕೋಬಹುದು ಅಮ್ಮ, ಆದ್ರೆ ಬಾಯಿ ಬಿಡೋ ಹಾಗಿಲ್ಲ," ಎಂದರು. ಬೇಕರಿಯವರು ಕೇಳಿದ್ದರೆ ನಗುತ್ತಿದ್ದರು.

ಪಾಠಗಳ ಪುನರಾವರ್ತನೆ ಮುಗಿಸಿ, ಅವರು ಮರದ ಸ್ಟ್ಯಾಂಡಿನಲ್ಲಿ ಮೂರು ಗಾಜಿನ ಪ್ರನಾಳಗಳನ್ನು ಇಟ್ಟರು. ಅವಳ ಕೈ ಹಿಡಿದು ಒಂದೊಂದರ ಬುಡವನ್ನೂ ಮುಟ್ಟಿಸಿದರು. "ಮೊದಲನೇದು, ಎರಡನೇದು, ಮೂರನೇದು. ಏನೇನಿದೆ ಹೇಳು, ಬರೀ ನೀರೂ ಇರಬಹುದು. ಎಲ್ಲಾ ನೀರಿನಷ್ಟು ತೆಳುವಾಗಿದೆ, ಹಾಗೇ ಮೂಸಿದ್ರೆ ಗೊತ್ತಾಗಲ್ಲ."

ಮೂರರಲ್ಲೂ ಇದ್ದದ್ದು ತಿಳಿನೀರಿನಂಥ ದ್ರವ. ಎರಡು ಕಣ್ಣಿದ್ದ ನನಗೂ ವ್ಯತ್ಯಾಸ ಕಾಣಲಿಲ್ಲ.

ಅವಳು ಚೀಲದಿಂದ ಬಟ್ಟೆಯ ಪಟ್ಟಿಗಳ ಡಬ್ಬಿ ತೆಗೆದಳು. ಮುಚ್ಚಳ ತೆರೆದಾಗ ಕೋಣೆಯಲ್ಲಿ ವೆನಿಲ್ಲಾ ಹರಡಿತು, ಮಕ್ಕಳು ಮುಖ ಮುಖ ನೋಡಿಕೊಂಡರು. ಒಂದು ಪಟ್ಟಿಯನ್ನು ಗಾಜಿನ ತಟ್ಟೆಯ ಮೇಲೆ ಹರಡಿ, ಮೊದಲ ಪ್ರನಾಳದಿಂದ ಡ್ರಾಪರಿನಲ್ಲಿ ಎತ್ತಿ ಹನಿಸಿ, ಕಾದು, ಕೈಯಿಂದ ಗಾಳಿ ಬೀಸಿಕೊಂಡು ಮೂಸಿದಳು.

"ಮೊದಲನೇದು ಪ್ರತ್ಯಾಮ್ಲ ಸರ್."

ಮೇಷ್ಟ್ರ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ಡ್ರಾಪರ್ ತೊಳೆದು, ಎರಡನೆಯ ಪ್ರನಾಳ, ಹೊಸ ಪಟ್ಟಿ. ಮೂಸಿದಳು. ವಾಸನೆ ಹಾಗೆಯೇ ಇತ್ತು ಎಂಬುದು ಅವಳ ಮುಖದಲ್ಲೇ ತಿಳಿಯುತ್ತಿತ್ತು. ಆಮ್ಲ ಎನ್ನಲು ಬಾಯಿ ತೆರೆದವಳು ಯಾಕೋ ತಡೆದು ಮೂರನೆಯದನ್ನೂ ನೋಡಿದಳು. ಮತ್ತೊಂದು ಪಟ್ಟಿ. ಅಲ್ಲೂ ವಾಸನೆ ಹಾಗೆಯೇ ಇತ್ತು.

ಅವಳ ಕೈ ನಿಂತಿತು.

ನನಗೆ ಆಗ ಅರ್ಥವಾಯಿತು. ಅಡುಗೆಮನೆಯಲ್ಲಿ ನಾವು ಸೋಡಾ ಹಾಕಿ ನೋಡಿದ್ದೆವು, ವಿನೆಗರ್ ಹಾಕಿ ನೋಡಿದ್ದೆವು, ಬರೀ ನೀರು ಹಾಕಿ ನೋಡಿರಲಿಲ್ಲ. ವೆನಿಲ್ಲಾ ಸಾಯುವುದು ಪ್ರತ್ಯಾಮ್ಲಕ್ಕೆ ಮಾತ್ರ. ಆಮ್ಲ ಬಿದ್ದರೂ ನೀರು ಬಿದ್ದರೂ ಅದು ಘಮಘಮ ಎನ್ನುತ್ತಲೇ ಇರುತ್ತದೆ.

"ಸರ್, ಇವೆರಡೂ ಒಂದೇನಾ?"

"ಕೇಳೋ ಹಾಗಿಲ್ಲ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ಮೆತ್ತಗೆ ಹೇಳಿದರು, "ಸಾಕಮ್ಮ. ಒಂದು ಹೇಳಿದೆಯಲ್ಲ, ಅದೇ ದೊಡ್ಡದು. ಹೋಗಿ ಕೂತ್ಕೋ."

"ದೊಡ್ಡದಲ್ಲ ಸರ್. ಮೂರು ಇದೆ."

ಬೇರೆ ಹೊತ್ತಾಗಿದ್ದರೆ ವಕೀಲಮ್ಮ ಎಂದು ನಗುತ್ತಿದ್ದೆ. ಆಗ ನಾಲಿಗೆ ಕಚ್ಚಿಕೊಂಡು ನಿಂತಿದ್ದೆ. ಅವಳ ಬೆರಳುಗಳು ತಟ್ಟೆಯ ಮೇಲೆ ತಡಕಾಡಿ ಮೊದಲನೆಯ ಪಟ್ಟಿಯನ್ನು ಹುಡುಕಿದವು, ವಾಸನೆ ಸತ್ತ ಪಟ್ಟಿಯನ್ನು. ಅದನ್ನು ಎತ್ತಿ ಮೂಸಿದಳು. ಅಲ್ಲಿ ಏನೂ ಇರಲಿಲ್ಲ. ಆದರೂ ಬಹಳ ಹೊತ್ತು ಮೂಸಿದಳು. ಆಮೇಲೆ ಅದನ್ನು ಚರ್ರನೆ ಹರಿದು ಎರಡು ಮಾಡಿದಳು.

ಒಂದು ತುಂಡಿಗೆ ಎರಡನೆಯ ಪ್ರನಾಳದ ಹನಿಗಳು. ಮೂಸಿದಳು. ತಲೆ ಅಲ್ಲಾಡಿಸಿದಳು. ಇನ್ನೊಂದು ತುಂಡಿಗೆ ಮೂರನೆಯದರ ಹನಿಗಳು, ಹನಿಯ ಮೇಲೆ ಹನಿ. ಕಾದಳು. ಮೂಗಿನ ಹತ್ತಿರ ತಂದಳು.

ನಾನು ಆ ಮುಖವನ್ನು ಮರೆಯುವುದಿಲ್ಲ. ಗುರುವಾರ ಅಡುಗೆಮನೆಯಲ್ಲಿ ಅರಳಿದ್ದ ಮುಖವೇ, ಆದರೆ ಈ ಸಲ ಅದನ್ನು ಅರಳಿಸಿದ ಉತ್ತರ ಅವಳು ತಾನೇ ಯೋಚಿಸಿ ಹುಡುಕಿದ್ದು.

"ಮೂರನೇದು ಆಮ್ಲ. ಕಟ್ಟಿಹಾಕಿದ್ದ ವಾಸನೆಯನ್ನ ಬಿಚ್ಚಿಬಿಡ್ತು. ಎರಡನೇದು ಕಟ್ಟಲೂ ಇಲ್ಲ, ಬಿಚ್ಚಲೂ ಇಲ್ಲ. ಅದು ಬರೀ ನೀರು ಸರ್."

ಮೇಷ್ಟ್ರು ಹತ್ತಿರ ಬಂದರು. ಅವಳ ಕೈಯಿಂದ ಆ ತುಂಡನ್ನು ತೆಗೆದುಕೊಂಡು, ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ ಮೂಸಿದರು. ಅದರ ಮೇಲೆ ಮೊದಲನೆಯ ಪ್ರನಾಳದಿಂದ ಧಾರಾಳವಾಗಿ ಹನಿಸಿ ಮತ್ತೆ ಮೂಸಿದರು. ಮೂರನೆಯದರಿಂದ ಹನಿಸಿ ಮತ್ತೆ. ಹೋಗುತ್ತಿತ್ತು, ಬರುತ್ತಿತ್ತು. ಅವರು ಇನ್ನೊಂದು ಸಲ ಮಾಡಿದರು. ಅಷ್ಟು ದೊಡ್ಡ ಮನುಷ್ಯ ಸಣ್ಣ ಹುಡುಗನ ಹಾಗೆ ಮುಗುಳ್ನಗುತ್ತಿದ್ದರು.

"ಪ್ರತಿ ವರ್ಷ ಈ ಎರಡು ಸಾಲು ಬರೆಸ್ತೀನಿ," ಎಂದರು. "ಮೂಗಿಗೆ ಹಿಡಿದು ನೋಡಿದ್ದು ಇವತ್ತೇ. ಬನ್ರೋ, ಎಲ್ಲರೂ ಬನ್ನಿ. ಕಣ್ಣು ಮುಚ್ಕೊಂಡು ಬನ್ನಿ."

ಮಕ್ಕಳು ಸಾಲುಗಟ್ಟಿದರು. ಒಬ್ಬೊಬ್ಬರೂ ಕಣ್ಣು ಮುಚ್ಚಿ ಬಾಗಿದರು, ಒಬ್ಬೊಬ್ಬರೂ ಮೂಗಿನ ಮೇಲೆ ಬೆರಳಿಟ್ಟುಕೊಂಡು ಎದ್ದರು. ವಕೀಲಮ್ಮ ತಟ್ಟೆ ಹಿಡಿದುಕೊಂಡು ಒಬ್ಬೊಬ್ಬರಿಗೂ ಹನಿಸಿ ಕೊಡುತ್ತಿದ್ದಳು. ಲಿಟ್ಮಸ್ ಕಾಗದಗಳು ಮೇಜಿನ ಮೇಲೆ ಹಾಗೆಯೇ ಬಿದ್ದಿದ್ದವು.

ಮೇಷ್ಟ್ರು ಪ್ರಯೋಗದ ಪಟ್ಟಿಯಲ್ಲಿ ಅವಳ ಹೆಸರು ಬರೆದುಕೊಂಡರು. ಸಮಾರಂಭ ಏನೂ ಇರಲಿಲ್ಲ. ಪೆನ್ನು ಜೇಬಿಗೆ ಸಿಕ್ಕಿಸಿ, "ಮುಂದಿನ ಪ್ರಯೋಗ, ಸತು ಮತ್ತು ಆಮ್ಲ," ಎಂದು ಕೂಗಿ, ಅವಳ ಕೈಗೆ ಇಕ್ಕಳ ಕೊಟ್ಟು, ಒಂದು ಪ್ರನಾಳ ಹಿಡಿಸಿದರು. "ಕಿವಿ ಕೊಟ್ಟು ಕೇಳು. ಗುಳ್ಳೆ ಏಳ್ತಿದೆಯಾ?"

"ಏಳ್ತಿದೆ ಸರ್! ಸೊಂಯ್ ಅಂತಿದೆ."

ನಾನು ಗುಳ್ಳೆ ನೋಡುವ ಆಸೆಗೆ ಮಕ್ಕಳ ನಡುವೆ ತೂರಿಕೊಂಡು ಹೋಗಿದ್ದೆ. ಮೇಷ್ಟ್ರು ಬೆಂಕಿಪೆಟ್ಟಿಗೆ ಕೈಗೆತ್ತಿಕೊಂಡು ನನ್ನನ್ನು ನೋಡಿದರು. "ಅಮ್ಮ, ಮೇಜಿನ ಹತ್ತಿರ ಪಟ್ಟಿಯಲ್ಲಿ ಹೆಸರಿರೋರು ಮಾತ್ರ. ನೀವು ಅಲ್ಲಿ ಕೂತ್ಕೊಳ್ಳಿ."

"ಹೋಗು ಚಿಕ್ಕಮ್ಮ," ಎಂದಳು ವಕೀಲಮ್ಮ, ಗುಳ್ಳೆಗಳಿಂದ ಕಿವಿ ತೆಗೆಯದೆ.

ನನಗೆ ಕೋಪ ಬರಲಿಲ್ಲ. ಹೋಗಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅಲ್ಲಿಂದ ಮಕ್ಕಳ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಡ್ಡಿ ಗೀರಿದ ಸದ್ದಾಯಿತು, ಆಮೇಲೆ ಟಪ್ ಎಂದು ಅನಿಲ ಸಿಡಿಯಿತು. ನಾನು ಕಿರುಚಿಕೊಂಡೆ. ಆ ಬೆನ್ನುಗಳ ಆಚೆಯಿಂದ ಎಲ್ಲರಿಗಿಂತ ಜೋರಾಗಿ ಅವಳು ನಗುವುದು ಕೇಳಿಸಿತು.